ಫಿಯಾಟಿಗೆ ಕೂಡಿಸಿದ ದೊಡ್ಡ ಪಂಪು

ಸಿಂದಗಿ
ಸೋಮವಾರ, ತಾ. ೧೦-೧೧-೨೦೨೫

ಪ್ರೀತಿಯ ಮಗಳು ಭಾಗ್ಯಜ್ಯೋತಿಗೆ,

ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ತಾಲೂಕುಗಳಲ್ಲಿ ನಿನ್ನ ಬಸಣ್ಣ ಕಾಕಾ ಕೈ ಇಟ್ಟ ಮಷಿನ್ ಒಂದೇ ಒಂದು ಕೆಟ್ಟು ನಿಂತದ್ದಿಲ್ಲ. ನಾನು ಬಾವಿಯ ದಂಡೆಗೆ ಹೋಗಿ ಒಮ್ಮೆ ಕೆಮ್ಮಿದರೆ ಸಾಕು, ಇನ್ನೂರು ಅಡಿ ಕೆಳಗಿನ ನೀರು ತಾನೇ ಮೇಲೆ ಬರುತ್ತದೆ. ಇದನ್ನು ಮೊದಲೇ ಬರೆದಿಟ್ಟಿದ್ದೇನೆ. ಮುಂದಿನದನ್ನು ಓದುವಾಗ ನೆನಪಿರಲಿ.

ನೀನು ಆರಾಮ ಇದ್ದೀಯಾ? ಹಡಗಿನ ಇಂಜಿನ್ ಕೋಣೆಯ ಧಗೆಗೆ ಮೈಮೇಲೆ ಬೆವರುಗುಳ್ಳೆ ಎದ್ದಿವೆ ಎಂದಿದ್ದೆಯಲ್ಲ, ಕಡಿಮೆಯಾದವೇ? ನಿನ್ನ ಅವ್ವ, ನಮ್ಮ ಕಸ್ತೂರೆವ್ವ ವೈನಿ, ಕಟ್ಟಿಕೊಟ್ಟ ಶೇಂಗಾ ಚಟ್ನಿ ತೀರಿರಬೇಕು. ಈಗ ಮತ್ತೊಂದು ಡಬ್ಬಿ ಕುಟ್ಟಿಟ್ಟಿದ್ದಾಳೆ, ನನಗೆ ಮುಟ್ಟಗೊಡುವುದಿಲ್ಲ. ಇಲ್ಲಿ ತೊಗರಿ ಹೂ ಬಿಟ್ಟಿದೆ, ಚಳಿ ಇನ್ನೂ ಸರಿಯಾಗಿ ಬಿದ್ದಿಲ್ಲ. ಎಲ್ಲರೂ ಕ್ಷೇಮ. ಎಲ್ಲರೂ ಎಂದರೆ ಎಲ್ಲರೂ ಎಂದೇ ತಿಳಿದುಕೋ, ಉಳಿದದ್ದನ್ನು ಮುಂದೆ ಬರೆಯುತ್ತೇನೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು ಎನ್ನುತ್ತೀ. ಆದರೆ ನೀನು ವಾರಕ್ಕೊಮ್ಮೆ ಮಾಡುವ ಫೋನು ಬರುವುದು ನಿನ್ನ ಅಪ್ಪನಿಗೆ. ಅಣ್ಣ ಅದನ್ನು ಸ್ಪೀಕರಿಗೆ ಹಾಕಿ ಕಟ್ಟೆಯ ಮೇಲಿಟ್ಟರೆ ಇಡೀ ಓಣಿ ಕೇಳುತ್ತದೆ. ನನ್ನದು ಬಟನ್ ಫೋನು, ಅದರ ಮಾತು ಸಮುದ್ರದತನಕ ಹೋಗುವುದಿಲ್ಲ. ಅದಕ್ಕೇ ನಿನ್ನ ಕಂಪನಿಯ ಮುಂಬೈ ಆಫೀಸಿನ ವಿಳಾಸಕ್ಕೆ ಬರೆಯುತ್ತಿದ್ದೇನೆ. ಇಪ್ಪತ್ತನಾಲ್ಕಕ್ಕೆ ನಿನ್ನ ಹಡಗು ಮುಂಬೈ ಮುಟ್ಟುತ್ತದೆ, ಇಪ್ಪತ್ತಾರಕ್ಕೆ ನೀನು ಇಂಡಿ ರೋಡ್ ಸ್ಟೇಷನ್ನಿನಲ್ಲಿ ಇಳಿಯುತ್ತೀ. ನಡುವಿನ ಎರಡು ದಿನಗಳಲ್ಲಿ ಇದನ್ನು ನೀನು ಓದಲೇಬೇಕು. ಯಾಕೆಂದರೆ ನಿನ್ನನ್ನು ಕರೆತರಲು ನಮ್ಮ ಹಳೆಯ ಫಿಯಾಟ್ ಕಾರನ್ನು ತಾನೇ ಹೊಡೆದುಕೊಂಡು ಬರುತ್ತೇನೆಂದು ಅಣ್ಣ ಹಟ ಹಿಡಿದು ಕುಳಿತಿದ್ದಾನೆ. ಆ ಕಾರು ಸಿಂದಗಿಯಿಂದ ಇಂಡಿ ಮುಟ್ಟುವ ಸ್ಥಿತಿಯಲ್ಲಿಲ್ಲ. ಅದು ನನಗೊಬ್ಬನಿಗೇ ಗೊತ್ತು.

ಕಳೆದ ರಜೆಯಲ್ಲಿ ನೀನೂ ಮೇಸ್ತ್ರಿ ಅಫ್ತಾಬನೂ ಸೇರಿ ಕಾರಿನ ಹಳೆಯ ಇಂಜಿನ್ ಇಳಿಸಿ, ಆ ಜಪಾನಿ ರೋಟರಿ ಇಂಜಿನ್ ಕೂಡಿಸಿ ಹೋದಿರಲ್ಲ, ಅಂದಿನಿಂದ ಊರವರಿಗೆ ಅದರ ಪಾಠ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಇದರಲ್ಲಿ ಪಿಸ್ಟನ್ ಇಲ್ಲ, ಮೂರು ಮೂಲೆಯ ರೋಟರು ಗಾಣದ ಹಾಗೆ ಒಳಗೊಳಗೇ ಸುತ್ತುತ್ತದೆ, ಪೆಟ್ರೋಲನ್ನು ಮಾತ್ರ ಬೇಸಿಗೆಯ ಎಮ್ಮೆ ನೀರು ಕುಡಿದ ಹಾಗೆ ಕುಡಿಯುತ್ತದೆ ಎಂದು ಹೇಳುತ್ತೇನೆ. ಚಹಾದಂಗಡಿಯಲ್ಲಿ ಕೇಳಿದವರು ನಾನೇ ಜಪಾನಿಗೆ ಹೋಗಿ ತಂದೆ ಎಂದುಕೊಂಡಿದ್ದಾರೆ. ಅಲ್ಲ ಎಂದು ನಾನೂ ಹೇಳಿಲ್ಲ.

ಆ ಪೆಟ್ರೋಲನ್ನು ಇಂಜಿನ್ನಿಗೆ ಮುಟ್ಟಿಸುವ ವ್ಯವಸ್ಥೆ ಒಂದೇ ಬಾಕಿ ಉಳಿದಿತ್ತು. ನೀನು ವಹಿಯಲ್ಲಿ ಎರಡು ದಾರಿ ಬರೆದಿಟ್ಟಿದ್ದೆ. ಒಂದು ಕಾರ್ಬುರೇಟರ್, ಸ್ಕ್ರೂಡ್ರೈವರ್ ಹಿಡಿದ ಯಾವ ಮೇಸ್ತ್ರಿಯೂ ತಿರುವಿ ಸರಿಮಾಡುವಂಥದು. ಇನ್ನೊಂದು ಇಂಜೆಕ್ಷನ್. ಅದಕ್ಕೆ ಜೋರಿನ ಪಂಪು ಬೇಕು, ತಿರುವಿನಲ್ಲಿ ಪೆಟ್ರೋಲ್ ಒಂದು ಮಗ್ಗುಲಿಗೆ ಸರಿದರೂ ಕಡಿಮೆ ಬೀಳದಂತೆ ಸಣ್ಣದೊಂದು ಬೇರೆ ಟಾಕಿ ಬೇಕು, ಹೆಚ್ಚಾದದ್ದು ವಾಪಸು ಹೋಗಲು ಪೈಪು ಬೇಕು, ಅಳೆದು ಬಿಡಲು ಕಂಪ್ಯೂಟರ್ ಬೇಕು. ನೀನು ಇಂಜೆಕ್ಷನ್ನೇ ಆಗಲಿ ಎಂದು ಅದರ ಪಂಪನ್ನು ಮೊದಲೇ ತಂದು ಕಪಾಟಿನಲ್ಲಿಟ್ಟೆ. ಉಳಿದ ಸಾಮಾನಿಗೆಂದು ಎಂಬತ್ತು ಸಾವಿರ ನನ್ನ ಕೈಗೆ ಕೊಟ್ಟೆ. "ಕಾಕಾ, ಪುಣೆಯಿಂದ ಸಾಮಾನು ತರಿಸಿ ಇಡ್ರಿ ಅಷ್ಟ. ಕೂಡಸೂದು ನಾ ಬಂದ ಮ್ಯಾಲೆ. ಅಲ್ಲೀತನಾ ಕೈ ಹಚ್ಚಬ್ಯಾಡ್ರಿ" ಎಂದು ಬಸ್ಸಿನ ಕಿಟಕಿಯಿಂದಲೂ ಕೂಗಿದ್ದೆ. ಕೇಳಿಸಿತ್ತು. ಕೇಳಿಸಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ.

ಆದರೆ ನಿನ್ನ ಅಪ್ಪನನ್ನು ನೀನು ನೋಡಬೇಕಿತ್ತು. ಮೂವತ್ತು ವರ್ಷ ಅದೇ ಕಾರನ್ನು ಬಾಡಿಗೆಗೆ ಓಡಿಸಿದವನು. ಮುದ್ದೇಬಿಹಾಳದ ಮದುಮಗಳು, ಬಾಗೇವಾಡಿಯ ಬಾಣಂತಿ, ತಾಳಿಕೋಟೆಯ ದಲಾಲಿ, ಎಲ್ಲರನ್ನೂ ಅದರಲ್ಲೇ ಕೂರಿಸಿದವನು. ಈಗ ದಿನಾ ಮುಂಜಾನೆ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು, ಓಡದ ಕಾರಿನಲ್ಲಿ ಹೋಗಿ ಕೂರುತ್ತಾನೆ. ಸ್ಟೇರಿಂಗ್ ತಿರುವುತ್ತಾನೆ, ಗೇರು ಬದಲಿಸುತ್ತಾನೆ, ಕನ್ನಡಿಯಲ್ಲಿ ಹಿಂದಿನ ಸೀಟು ನೋಡುತ್ತಾನೆ. ಒಂದು ದಿನ ನನ್ನನ್ನು ಕಂಡು ನಾಚಿಕೊಂಡು, "ಕ್ಲಚ್ ಹಗುರ ಐತೋ ಬಸು" ಎಂದ. ನನಗೆ ತಡೆದುಕೊಳ್ಳಲಾಗಲಿಲ್ಲ. ಪುಣೆಯ ಸಾಮಾನಿಗೆ ಇನ್ನೂ ತಿಂಗಳು ಬೇಕೆಂದರು. ನಾನು ಸೊಲ್ಲಾಪುರದ ಗುಜರಿಯಿಂದ ದೊಡ್ಡದೊಂದು ಕಾರ್ಬುರೇಟರ್ ತಂದೆ. ಕಂಪ್ಯೂಟರ್ ಕೆಟ್ಟರೆ ಈ ಊರಲ್ಲಿ ಯಾರು ನೋಡಬೇಕು, ಹೇಳು? ಆ ಮಾತು ಈಗಲೂ ತಪ್ಪೆಂದು ನನಗೆ ಅನ್ನಿಸುವುದಿಲ್ಲ.

ತಪ್ಪಿದ್ದು ಪಂಪಿನಲ್ಲಿ. ಕಪಾಟಿನಲ್ಲಿ ನಿನ್ನ ಹೊಸ ಪಂಪು ಇತ್ತಲ್ಲ, ಅದನ್ನೇ ತೆಗೆದು ಕಾರ್ಬುರೇಟರಿಗೆ ಕೂಡಿಸು ಎಂದೆ. ಅಫ್ತಾಬ ಅದನ್ನು ಕೈಯಲ್ಲಿ ಹಿಡಿದು ಹೊರಳಿಸಿ ನೋಡಿ, "ಕಾಕಾ, ಇದರ ಪ್ರೆಷರ್ ಎಷ್ಟ್ ಐತ್ರಿ?" ಎಂದು ಕೇಳಿದ. "ಯಾರಿಗೆ ಪ್ರೆಷರ್ ಕಲಿಸ್ತಿಯೋ? ನಿಮ್ಮಪ್ಪ ಅಂಗಿ ಹಾಕ್ಕೊಳ್ಳಾಕ ಕಲಿಯೂಕಿಂತ ಮೊದ್ಲ ನಾ ಪಂಪ್ ಇಳಸೇನಿ" ಎಂದೆ. ಪಾಪ, ಸುಮ್ಮನೆ ಕೂಡಿಸಿದ. ನಮ್ಮ ಬಾವಿಯ ಲೆಕ್ಕದಲ್ಲಿ ಪಂಪು ದೊಡ್ಡದಾದಷ್ಟೂ ಒಳ್ಳೆಯದು. ಜೋರು ಹೆಚ್ಚಾದರೆ ಪೈಪು ಬಾಯಿ ಬಿಡುತ್ತದೆ, ನೀರು ಹೊಲಕ್ಕೆ ಹೋಗುತ್ತದೆ, ಬೆಳೆ ಕುಡಿಯುತ್ತದೆ, ಯಾರಿಗೆ ನಷ್ಟ? ನನ್ನ ತಲೆಯಲ್ಲಿ ಇದ್ದದ್ದು ಆ ಲೆಕ್ಕ.

ಇನ್ನೊಂದು ನಿನಗೂ ಗೊತ್ತು. ಹೊಸ ಪಂಪು ಇಳಿಸಿದ ದಿನ ಪೈಪಿನ ಬಾಯಿಯ ಮುಂದೆ ಕಾಯಿ ಒಡೆದು, ಊದಿನಕಡ್ಡಿ ಚುಚ್ಚಿ, ಕರ್ಪೂರ ಹಚ್ಚಿಡುವುದು ನನ್ನ ರೂಢಿ. ಮೊದಲ ನೀರು ಬಂದು ಆ ಕರ್ಪೂರವನ್ನು ತಾನೇ ಆರಿಸಬೇಕು, ಆಗಲೇ ನಾನು ಕೈ ಮುಗಿಯುವುದು. ನಲವತ್ತು ವರ್ಷ ಹೀಗೇ ಮಾಡಿದ್ದೇನೆ. ಅಕ್ಟೋಬರ್ ಇಪ್ಪತ್ತೊಂಬತ್ತರ ಮುಂಜಾನೆಯೂ ಅದನ್ನೇ ಮಾಡಿದೆ. ಬಾನೆಟ್ ಎತ್ತಿ, ಇಂಜಿನ್ನಿನ ಪಕ್ಕದಲ್ಲೇ ಹಿತ್ತಾಳೆಯ ತಟ್ಟೆಯಲ್ಲಿ ಕರ್ಪೂರ ಹಚ್ಚಿದೆ. ಅಫ್ತಾಬ, "ಪೆಟ್ರೋಲ್ ಐತ್ರೀ ಕಾಕಾ, ದೂರ ಇಡ್ರಿ" ಎಂದ. ಅಣ್ಣ ಒಳಗೆ ಕೂತು ಕೀಲಿ ತಿರುವಿದ. ಮಗಳೇ, ಇಂಜಿನ್ ಮಾತ್ರ ಹತ್ತಿತು! ಜೇನು ಎದ್ದಂಥ ಸದ್ದು. ಅಣ್ಣನ ಮುಖ ಅರಳಿದ್ದನ್ನು ಒಂದು ಕ್ಷಣ ನೋಡಿದೆ. ಅಷ್ಟರಲ್ಲಿ ಕಾರ್ಬುರೇಟರಿನ ಬಾಯಿಂದ ಪೆಟ್ರೋಲ್ ಉಕ್ಕಿ ಹರಿದು ನನ್ನ ತಟ್ಟೆಯ ಕಡೆಗೇ ಬಂತು. ನೀರಾಗಿದ್ದರೆ ಕರ್ಪೂರ ಆರುತ್ತಿತ್ತು.

ಬೆಂಕಿ ಭಗ್ಗನೆ ಎದ್ದರೂ ಇಂಜಿನ್ನಿನ ಮೇಲೆ ಬಾಗಿ ನಿಂತವನು ನಿಂತೇ ಬಿಟ್ಟೆ. ಅಣ್ಣ ಇಳಿದು ಬಂದು ನನ್ನ ಅಂಗಿ ಹಿಡಿದು ಎಳೆದು ದೂರ ಒಗೆದ. ಒಗೆದವನು ತನ್ನ ಕೈ ಹಿಂದೆ ತೆಗೆದುಕೊಳ್ಳುವುದರೊಳಗೆ ಬಲಗೈ ಬೆಂದಿತು. ಅಫ್ತಾಬ ಹಸಿ ಗೋಣಿಚೀಲ ಮೇಲೆ ಎಸೆದು ಮಣ್ಣು ಸುರಿದು ಆರಿಸಿದ. ವೈನಿ ಬಾಗಿಲಲ್ಲಿ ನಿಂತು, "ಬಸಣ್ಣ, ನೀ ಗಾಡಿ ಚಾಲೂ ಮಾಡಾಕ ಬಂದಿಯೋ, ನನ್ನ ಕುಂಕುಮ ಅಳಸಾಕ ಬಂದಿಯೋ?" ಎಂದಳು. ಡಾಕ್ಟರು ಹದಿನೈದು ದಿನ ಪಟ್ಟಿ ಕಟ್ಟಿರಬೇಕು ಎಂದಿದ್ದಾರೆ, ಬೆರಳು ಎಲ್ಲ ಆಡುತ್ತವೆ. ನೀನು ಫೋನು ಮಾಡಿದಾಗ ಅಣ್ಣ ಎಡಗೈಯಲ್ಲಿ ಹಿಡಿದು ಮಾತಾಡಿದ. "ಹುಡುಗಿಗೆ ಹೇಳಬ್ಯಾಡ" ಎಂದು ನಮ್ಮೆಲ್ಲರ ಬಾಯಿ ಕಟ್ಟಿದ್ದಾನೆ.

ಆ ಸಂಜೆ ಕೂತು ನಿನ್ನ ವಹಿಯನ್ನು ಕಡೆಯ ಹಾಳೆಯತನಕ ಓದಿದೆ. ಮೊದಲೇ ಓದಬೇಕಿತ್ತು. ಪಂಪಿನ ಹೆಸರಿನ ಕೆಳಗೆ ಕೆಂಪು ಶಾಯಿಯಲ್ಲಿ ಬರೆದಿದ್ದೀ: ಇದು ಇಂಜೆಕ್ಷನ್ನಿಗೆ ಮಾತ್ರ, ಕಾರ್ಬುರೇಟರ್ ತಡೆಯುವುದಕ್ಕಿಂತ ಹತ್ತು ಪಟ್ಟು ಮೀರಿದ ಜೋರು, ಪೆಟ್ರೋಲ್ ಮುಚ್ಚುವ ಒಳಗಿನ ಸೂಜಿ ತಡೆಯುವುದಿಲ್ಲ, ಉಕ್ಕುತ್ತದೆ. ಆದರೆ ಅಣ್ಣನೂ ಅಫ್ತಾಬನೂ ಎಲ್ಲ ಆದದ್ದು ಕರ್ಪೂರದಿಂದ ಎಂದೇ ನಂಬಿದ್ದಾರೆ. ಅಫ್ತಾಬ ಸುಟ್ಟ ವೈರು ಬದಲಿಸಿ, ಕಾರ್ಬುರೇಟರ್ ತೊಳೆದು, ಅದೇ ಪಂಪು ಇಟ್ಟು ಮತ್ತೆ ಕೂಡಿಸಿದ್ದಾನೆ. "ಈ ಸಲ ಪೂಜಿ ಬ್ಯಾಡ, ನಾ ಒಂದ ಕೈಲೆ ಇಂಡಿತನಾ ಹೊಡೀತೇನಿ" ಎಂದು ಅಣ್ಣ ದಿನಾ ಹೇಳುತ್ತಾನೆ. ಕರ್ಪೂರ ಇಲ್ಲದಿದ್ದರೇನು, ಕೆಳಗೆ ಸೈಲೆನ್ಸರ್ ಪೈಪು ಕೆಂಡದ ಹಾಗೆ ಕಾದಿರುತ್ತದೆ. ನಿಜ ಹೇಳಬೇಕೆಂದು ಎರಡು ಸಲ ಹೋದೆ. ನನ್ನನ್ನು ಎಳೆದು ಉಳಿಸಿದ ಕೈಯ ಪಟ್ಟಿ ನೋಡಿ ತೊಗರಿಯ ಮಾತಾಡಿ ಎದ್ದು ಬಂದೆ. ಕೀಲಿ ಅಫ್ತಾಬನ ಹತ್ತಿರ ಇದೆ ಎಂದು ಅಣ್ಣನಿಗೆ, ಅಣ್ಣನ ಹತ್ತಿರ ಇದೆ ಎಂದು ಅಫ್ತಾಬನಿಗೆ ಹೇಳಿಕೊಂಡು ಹನ್ನೆರಡು ದಿನ ದೂಡಿದ್ದೇನೆ.

ಈಗ ನೀನು ಹೇಳಬೇಕು. ಕಾರ್ಬುರೇಟರ್ ಇರಲಿ, ಸಣ್ಣ ಪಂಪು ಹಾಕು ಎನ್ನುತ್ತೀಯೋ, ಇಲ್ಲಾ ಕಾರ್ಬುರೇಟರ್ ತೆಗೆದು ಇಂಜೆಕ್ಷನ್ನೇ ಮಾಡೋಣ ಎನ್ನುತ್ತೀಯೋ, ನಿನ್ನ ಮಾತೇ ಕಡೆಯದು. ಖರ್ಚಿನ ಚಿಂತೆ ಮಾಡಬೇಡ, ಐದಾರು ಸಾವಿರ ಆಚೀಚೆ ಆಗಿದೆ ಅಷ್ಟೇ. ನೀನು ಹೂಂ ಅನ್ನುವತನಕ ಒಂದು ನಟ್ಟು ಕೂಡ ಮುಟ್ಟುವುದಿಲ್ಲ. ಮುಂಬೈಗೆ ಇಳಿದ ಕೂಡಲೇ ನಿನ್ನ ಅಪ್ಪನಿಗೆ ಫೋನು ಮಾಡಿ, ನಾನು ಬರುವತನಕ ಕಾರು ಚಾಲೂ ಮಾಡಬೇಡಿ, ಪಂಪು ತಪ್ಪಿದೆ ಎನ್ನು. ಸ್ಪೀಕರಿನಲ್ಲಿ ಇಡೀ ಓಣಿ ಕೇಳಿದರೂ ಚಿಂತೆಯಿಲ್ಲ.

ವೈನಿಯ ಆಶೀರ್ವಾದ, ಅಫ್ತಾಬನ ಸಲಾಮು. ಸಮುದ್ರ ನಿನ್ನನ್ನು ತಣ್ಣಗಿಟ್ಟಿರಲಿ, ಬಸವಣ್ಣ ಕಾಯಲಿ.

ನಿನ್ನ
ಬಸಣ್ಣ ಕಾಕಾ

ತಾ. ಕ.: ಅಂಚೆ ಕಚೇರಿಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ, ಒಳಗೆ ಚೀಲ ಕಟ್ಟುತ್ತಿದ್ದಾರೆ. ನಿನ್ನೆ ಅಣ್ಣ ಕೀಲಿ ಕೇಳಲು ತಾನೇ ಅಫ್ತಾಬನ ಗ್ಯಾರೇಜಿಗೆ ಹೊರಟಿದ್ದ, ದಾರಿಯಲ್ಲಿ ಹಿಡಿದು ಚಹಾಕ್ಕೆ ಕರೆದೊಯ್ದೆ. ನಾಳೆ ಹಿಡಿಯಲಾಗುವುದಿಲ್ಲ. ಆದ್ದರಿಂದ ಕಾರಿನ ಕೀಲಿ ಈ ಲಕೋಟೆಯಲ್ಲೇ ಇದೆ, ಹರಿಯುವಾಗ ಬಿದ್ದಿದ್ದರೆ ಹುಡುಕಿ ಇಟ್ಟುಕೋ. ಇಂಡಿ ರೋಡಿಗೆ ನಾವು ಬಸ್ಸಿಗೆ ಬರುತ್ತೇವೆ. ಮತ್ತೆ ಮೇಲೆ ಎರಡು ದಾರಿ ಕೇಳಿದೆನಲ್ಲ, ಅದು ಬರೀ ಬಾಯಿಮಾತು. ಕಾರ್ಬುರೇಟರ್, ವೈರು, ಬಾನೆಟ್ಟು, ಅಣ್ಣನ ಆಸ್ಪತ್ರೆ ಎಲ್ಲ ಸೇರಿ ನಿನ್ನ ಎಂಬತ್ತು ಸಾವಿರದಲ್ಲಿ ಉಳಿದದ್ದು ಒಂದು ಸಣ್ಣ ಪಂಪಿಗಾಗುವಷ್ಟೇ. ನಾನು ಕಳೆದದ್ದು ಐದಾರು ಸಾವಿರವಲ್ಲ ಮಗಳೇ, ಎಪ್ಪತ್ತಾರು ಸಾವಿರದ ನಾನೂರು.