ಆಯ್ತು ಅನ್ನಬೇಡ, ಅಮ್ಮ

ಮಂಗಳವಾರ, ಸಂಜೆ

ಪ್ರೀತಿಯ ಅಮ್ಮನಿಗೆ,

ನಾನು ಚೆನ್ನಾಗಿದ್ದೇನೆ. ನೀನು ಚೆನ್ನಾಗಿಲ್ಲ ಎಂದು ಗೊತ್ತು, ಅದಕ್ಕೇ ಹೇಗಿದ್ದೀಯ ಎಂದು ಕೇಳುತ್ತಿಲ್ಲ. ಬರುವ ಸೋಮವಾರ ನೀನು ನನ್ನ ಈ ಕಾಲೇಜಿಗೆ ಹೊಸ ವಿದ್ಯಾರ್ಥಿಯಾಗಿ ಬಂದು, ವಾರಕ್ಕೆ ಐದು ದಿನ ನನ್ನ ಕೋಣೆಯಲ್ಲೇ ಇರಬೇಕು ಎಂದು ಮಾತಾಗಿತ್ತು. ಈಗ ನೋಡಿದರೆ ಅಪ್ಪ "ಈ ವರ್ಷ ಬೇಡ, ಮುಂದಿನ ವರ್ಷ ನೋಡೋಣ" ಅಂದರಂತೆ, ನೀನು "ಆಯ್ತು" ಅಂದೆಯಂತೆ. ದೊಡ್ಡಪ್ಪ ಪಕ್ಕದಲ್ಲೇ ಕೂತು ತಲೆದೂಗಿದರಂತೆ. ಕೇಳಿ ನನ್ನ ಮೈಯೆಲ್ಲ ಉರಿದುಹೋಯಿತು.

ಆದ್ದರಿಂದ ಈ ಕಾಗದದ ತುಂಬ ಬುದ್ಧಿವಾದವೇ ಇದೆ. ಮಗಳು ಅಮ್ಮನಿಗೆ ಬುದ್ಧಿ ಹೇಳಬಾರದು ಎಂಬುದನ್ನು ಸದ್ಯಕ್ಕೆ ಅಟ್ಟದ ಮೇಲಿಡು. ಇಲ್ಲಿ ನಾನು ನಿನಗಿಂತ ಒಂದು ವರ್ಷ ದೊಡ್ಡವಳು.

ಮೊದಲನೆಯದು, ಇಲ್ಲಿ ಯಾರ ಅಪ್ಪಣೆಯನ್ನೂ ಕೇಳಬೇಡ. ಪಾಠ ಮಾಡುವವರಿಲ್ಲ, ಪುಸ್ತಕ ತೆಗೆಯಿರಿ ಎನ್ನುವವರಿಲ್ಲ. ನಿನ್ನನ್ನು ಕಾಡುವ ಒಂದು ತೊಂದರೆಯನ್ನು ನೀನೇ ಆರಿಸಿಕೊಂಡು, ಅದಕ್ಕೆ ದಾರಿ ಹುಡುಕುತ್ತ ಕಲಿಯಬೇಕು. ಮೊದಲ ವಾರ ನಾವೆಲ್ಲ ಯಾರೋ ಬಂದು ಶುರು ಮಾಡಿ ಎನ್ನುತ್ತಾರೆಂದು ಕಾಯುತ್ತ ಬೆಂಚಿನ ಮೇಲೆ ಪೆಚ್ಚಾಗಿ ಕೂತಿದ್ದೆವು. ಯಾರೂ ಬರಲಿಲ್ಲ. ನೀನಂತೂ ಕತ್ತರಿ ಮುಟ್ಟುವ ಮೊದಲು ಮೂರು ಜನರ ಮುಖ ನೋಡುವವಳು. ನೋಡಬೇಡ, ಎತ್ತಿಕೊ.

ನಾವೆಲ್ಲ ಕೆಲಸ ಮಾಡುವ ಕಾರ್ಖಾನೆ ಕೋಣೆಯ ನೆಲ ಕೊಳೆಯಾಗಿರುತ್ತದೆ. ಪೊರಕೆ ಮೂಲೆಯಲ್ಲೇ ಕಾಣುತ್ತದೆ. ಅದರ ಹತ್ತಿರ ಸುಳಿದರೆ ನಾನು ನಿನ್ನ ಜೊತೆ ಮಾತು ಬಿಡುತ್ತೇನೆ! ಗುಡಿಸುವುದಕ್ಕೆ ಎಲ್ಲರಿಗೂ ಸರದಿ ಇದೆ. ಆಂಟಿ, ನಮ್ಮ ಪ್ಯಾಂಟಿಗೂ ಒಂದು ಹೊಲಿಗೆ ಹಾಕಿ ಎಂದು ಹುಡುಗರು ಬೆಣ್ಣೆ ಹಚ್ಚುತ್ತಾರೆ. ಸೂಜಿ ತೋರಿಸಿ ಕಳಿಸು.

ಶುಕ್ರವಾರ ಎಲ್ಲರೆದುರು ನಿಂತು ಅರೆಬರೆ ಕೆಲಸವನ್ನು ಇದ್ದ ಹಾಗೇ ತೋರಿಸಬೇಕು. ನೆಂಟರು ಬಂದಾಗ ಹಾಸಿಗೆಯ ಕೆಳಗೆ ಎಲ್ಲ ತಳ್ಳುವ ನಿನ್ನ ಚಾಳಿ ಅಲ್ಲಿ ನಡೆಯುವುದಿಲ್ಲ. ಸೊಟ್ಟ ಹೊಲಿಗೆಯನ್ನು ಎದೆ ಸೆಟೆಸಿಕೊಂಡು ತೋರಿಸು. ನಮ್ಮ ಗೈಡ್ ಅದನ್ನು ನೋಡಿ, ಮುಂದೇನು ಎಂದು ಮಾತ್ರ ಕೇಳುತ್ತಾರೆ. ಅದಕ್ಕೇ ಅವರಿಗೆ ಮುಂದೇನು ಮೇಷ್ಟ್ರು ಎಂದೇ ಹೆಸರು.

ಈಗ ಮುಖ್ಯ ಮಾತು. ನನ್ನ ಪ್ರಾಜೆಕ್ಟ್ ನಿನಗೆ ಗೊತ್ತಲ್ಲ, ಮಾಳಿಗೆಯ ಟ್ಯಾಂಕು ತುಂಬುತ್ತಿದ್ದಂತೆ ಬಡಿದುಕೊಳ್ಳುವ ಗಂಟೆ. ಮೊದಲ ಸಲ ತೋರಿಸಿದಾಗ ಅದು ಟ್ಯಾಂಕು ಖಾಲಿಯಿದ್ದಾಗ ಊರೆಲ್ಲ ಎಬ್ಬಿಸಿತು, ತುಂಬಿ ಹರಿದಾಗ ಮೌನವ್ರತ ಹಿಡಿಯಿತು. ಮುಂದೇನು ಎಂದರು ಮೇಷ್ಟ್ರು. ತಂತಿ ಬದಲಾಯಿಸಿ ನೋಡು ಎಂದು ಯಾರೋ ಹಿಂದಿನಿಂದ ಹೇಳಿದರು. ನಿನ್ನ ಹೊಟ್ಟೆಯಲ್ಲಿ ಹುಟ್ಟಿದ ನಾನು ತಲೆ ತಗ್ಗಿಸಿ "ಆಯ್ತು" ಅಂದೆ. ಹಾಗೇ ಮಾಡುತ್ತೇನೆ ಎಂದು ನನ್ನ ಅರ್ಥ. ಆದರೆ ಇಲ್ಲಿ ಆಯ್ತು ಎಂದರೆ ಕೆಲಸ ಮುಗಿಯಿತು ಎಂದು. ಅದನ್ನು ಹೇಳುವ ಹಕ್ಕು ಮಾಡುವವರಿಗೆ ಮಾತ್ರ, ಹೇಳಿದ ಮೇಲೆ ಮೇಷ್ಟ್ರೂ ಬಾಯಿ ಹಾಕುವಂತಿಲ್ಲ. ನನ್ನ ಬೆಪ್ಪು ಗಂಟೆ ಚಪ್ಪಾಳೆಯ ನಡುವೆ, ಮುಗಿದ ಕೆಲಸಗಳನ್ನಿಡುವ ಗಾಜಿನ ಕಪಾಟು ಸೇರಿತು. "ನಾನು ಒಪ್ಪಿದ್ದು ಸರ್, ಮುಗಿಸಿದ್ದಲ್ಲ" ಎಂದು ಎಲ್ಲರೆದುರು ಜಗಳವಾಡಿ ಕೆಳಗಿಳಿಸಿಕೊಂಡೆ.

ಅಮ್ಮ, ನಿನ್ನ ಆಯ್ತುಗಳ ಕಥೆಯೂ ಇದೇ. ಕೇಳಿಸಿಕೊಂಡೆ ಎಂಬ ಅರ್ಥದಲ್ಲಿ ನೀನು ಹೇಳುತ್ತೀ. ಮುಗಿಯಿತು ಎಂದುಕೊಂಡು ಅವರು ಬೀಗ ಜಡಿಯುತ್ತಾರೆ. ಹೊಲಿಗೆ ಅಂಗಡಿಯ ಕೆಲಸ ಹಾಗೇ ಹೋಯಿತು, ಸಂಜೆ ಕಾಲೇಜೂ ಹಾಗೇ ಹೋಯಿತು. ಇದೊಂದನ್ನು ಬಿಡಬೇಡ. ಅಪ್ಪನ ಎದುರು ಕುರ್ಚಿ ಎಳೆದುಕೊಂಡು ಕೂತು, "ನಾನು ಕೇಳಿಸ್ಕೊಂಡೆ ಅಷ್ಟೇ, ಬಿಟ್ಟೆ ಅಂತಲ್ಲ" ಎಂದು ಹೇಳು. ದೊಡ್ಡಪ್ಪ ಮೂಗು ತೂರಿಸಿದರೆ ಅವರಿಗೂ ಅದನ್ನೇ ಹೇಳು, ಸ್ವಲ್ಪ ಗಟ್ಟಿಯಾಗಿ ಹೇಳು.

ಈ ವಯಸ್ಸಿನಲ್ಲಿ ಕಲಿಯುವುದೇನಿದೆ ಎಂದು ಯಾರಾದರೂ ಕೇಳಿದರೆ ಅಜ್ಜಿಯನ್ನು ನೆನಪಿಸು. ಲಕ್ವ ಹೊಡೆದು ಒಂದು ಪಕ್ಕ ಬಿದ್ದುಹೋದ ಅಜ್ಜಿಗೆ ಬಟ್ಟೆ ಹಾಕುವಾಗ ಅವಳು ನಾಚಿಕೆಯಿಂದ ಗೋಡೆಗೆ ಮುಖ ಮಾಡುತ್ತಿದ್ದಳು. ನೀನು ಅವಳ ಅಂಗಿಯ ಹೆಗಲು ಬಿಚ್ಚಿ, ಪಕ್ಕಕ್ಕೆ ಗುಂಡಿ ತಂದು, ಹತ್ತಾರು ಸಲ ಹೊಲಿದು ಬಿಚ್ಚಿದೆ. ಕೊನೆಗೊಂದು ಬೆಳಿಗ್ಗೆ ಅಜ್ಜಿ ಒಂದೇ ಕೈಯಲ್ಲಿ ತಾನೇ ಹಾಕಿಕೊಂಡು ಕನ್ನಡಿ ಕೇಳಿದಳು. ನೀನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಈ ಕಾಲೇಜಿನ ಅರ್ಜಿಯಲ್ಲಿ ನಿನ್ನ ಪ್ರಾಜೆಕ್ಟ್ ಒಂದೇ ಕೈಯಲ್ಲಿ ಹಾಕಿಕೊಳ್ಳುವ ಬಟ್ಟೆ ಎಂದು ಬರೆದದ್ದು ನೀನು. ಅದನ್ನು ಓದಿ ಮೇಷ್ಟ್ರು ನನ್ನನ್ನು ಕರೆದು, "ಇವರು ಯಾವಾಗ ಬರ್ತಾರೆ?" ಎಂದು ಕೇಳಿದರು. ಸೋಮವಾರ ಎಂದು ಹೇಳಿಬಿಟ್ಟಿದ್ದೇನೆ. ನನ್ನ ಮಾತು ಸುಳ್ಳು ಮಾಡಬೇಡ. ನನಗೆ ನೀನು ಬೇಕು, ಈ ಕೋಣೆಯಲ್ಲಿ, ನನ್ನ ಪಕ್ಕದ ಬೆಂಚಿನಲ್ಲಿ.

ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿರುತ್ತೇನೆ.

ನಿನ್ನ ಮಗಳು,
ಸೋಮವಾರದಿಂದ ನಿನ್ನ ಸೀನಿಯರ್

ಮರೆತ ಮಾತು: ಈ ಕಾಗದ ಬರೆಸಿದ್ದು ಅಪ್ಪನೇ. ಭಾನುವಾರ ಫೋನ್ ಮಾಡಿ, ಅವಳು ನಿನ್ನ ಮಾತು ಕೇಳ್ತಾಳೆ, ನಾಲ್ಕು ಬುದ್ಧಿಮಾತು ಬರಿ ಎಂದರು. ಬರೆದಿದ್ದೇನೆ. ಯಾಕೆ ಬೇಡ ಎಂದು ಕೇಳಿದ್ದಕ್ಕೆ ವಯಸ್ಸು ಅಂದರು, ಜನ ಅಂದರು, ದೊಡ್ಡಪ್ಪನ ಮಾತು ಅಂದರು. ಎಲ್ಲ ಮುಗಿದ ಮೇಲೆ ದನಿ ತಗ್ಗಿಸಿ, ನನ್ನ ಹೆಗಲು ಹಿಡಿದುಕೊಂಡುಬಿಟ್ಟಿದೆ, ಕೈ ಅಂಗಿಯ ತೋಳಿನೊಳಗೆ ಹೋಗೋದೇ ಇಲ್ಲ, ಅವಳು ಹೊರಟರೆ ಬೆಳಿಗ್ಗೆ ನನಗೆ ಅಂಗಿ ಹಾಕೋರು ಯಾರು ಎಂದರು. ಅವರ ಅಳತೆ ತೆಗೆದುಕೊಂಡೇ ಬಸ್ ಹತ್ತು. ಮೊದಲ ಅಂಗಿ ಅವರಿಗೇ ಹೊಲಿ. ತಾವೇ ಹಾಕಿಕೊಳ್ಳಲಿ.