ಮೊದಲ ಬಾಂಡ್ಲಿ

ಫೆಬ್ರವರಿ 9, 2001. ಶುಕ್ರವಾರ

ಲ್ಯಾಬ್‌ನಲ್ಲಿ ಮತ್ತೆ ಕಾಂಕ್ರೀಟ್ ಕ್ಯೂಬ್ ಒಡೆದೆವು. ಮಷಿನ್‌ನಡಿ ಪಟ್ ಎಂದು ಸೀಳಿದಾಗ ಹುಡುಗರೆಲ್ಲರ ಚಪ್ಪಾಳೆ. ನನಗೆ ರೀಡಿಂಗ್ ಬರೆದುಕೊಳ್ಳುವ ಕೆಲಸ. "ಫಹ್ಮಿದಾ, ನಿನ್ ಹ್ಯಾಂಡ್‌ರೈಟಿಂಗ್ ಚೆನ್ನಾಗಿದೆ," ಅಂದರು ಹುಡುಗರು. ಮೂರು ವರ್ಷ ಸಿವಿಲ್ ಓದಿದ್ದಕ್ಕೆ ಸಿಕ್ಕ ಮರ್ಯಾದೆ ಇಷ್ಟು.

ಶಿವಾಜಿನಗರದಲ್ಲಿ ಬಸ್ ಇಳಿದು ಬಂದರೆ ಅಬ್ಬಾನ ಗೋಡೌನ್‌ಗೆ ಹೊಸ ಬೋರ್ಡ್. 'ಚಾಂದ್ ಪಾಷಾ ಅಂಡ್ ಸನ್, ಸೆಂಟ್ರಿಂಗ್ ಕಾಂಟ್ರಾಕ್ಟರ್ಸ್.' ತಾರಸಿಯ ಕಾಂಕ್ರೀಟ್ ಗಟ್ಟಿಯಾಗುವ ತನಕ ಅಡಿಯಲ್ಲಿ ಶೀಟು, ಕಂಬ ಕೊಟ್ಟು ನಿಲ್ಲಿಸುವ ಕೆಲಸ ನಮ್ಮದು. ಸನ್ ಎಂದರೆ ನನ್ನ ತಮ್ಮ ಸೈಫ್. ಪಿಯುಸಿಗೆ ದೂರದಿಂದಲೇ ಸಲಾಂ ಹೊಡೆದು ಬಂದವನು. ಬಣ್ಣ ಇನ್ನೂ ಹಸಿ ಇತ್ತು. ಕೈಯಾಡಿಸಿ ಕೆಡಿಸಿಬಿಡೋಣ ಅನ್ನಿಸಿತು... ಬಿಟ್ಟೆ.

ಈ ಡೈರಿಯನ್ನು ಕನ್ನಡದಲ್ಲಿ ಬರೆಯುವುದಕ್ಕೂ ಅವನೇ ಕಾರಣ. ಉರ್ದು ಶಾಲೆಯವನು, ಕದ್ದರೂ ಓದಲಾರ.

ಫೆಬ್ರವರಿ 11. ಭಾನುವಾರ

ಕಮ್ಮನಹಳ್ಳಿಯಲ್ಲಿ ಸಂಜೀವಪ್ಪನವರ ಹೊಸ ಮನೆಯ ಮೋಲ್ಡ್. ತಾರಸಿಗೆ ಕಾಂಕ್ರೀಟ್ ಹಾಕುವ ದಿನವೆಂದರೆ ಮದುವೆಮನೆಯ ಗಡಿಬಿಡಿ. ಅವರು ತೆಂಗಿನಕಾಯಿ ಒಡೆದರು, ಅಬ್ಬಾ ಬಿಸ್ಮಿಲ್ಲಾ ಅಂದರು. ಮೊದಲ ಬಾಂಡ್ಲಿ ಕಾಂಕ್ರೀಟನ್ನು ನಮ್ಮ ಮನೆಯವರ ಕೈಯಿಂದಲೇ ಸುರಿಯಬೇಕು — ಅಬ್ಬಾನ ಪದ್ಧತಿ. ನಾನು ಏಣಿಗೆ ಕಾಲಿಟ್ಟೆ.

"ಏಯ್, ಇಳಿ! ಮೋಲ್ಡ್ ದಿವ್ಸ ಹೆಣ್ಮಕ್ಳು ಮೇಲೆ ಹತ್ತಬಾರ್ದು."

"ಗಾರೆ ಕೆಲ್ಸದ ಹೆಂಗಸ್ರು ಬೆಳಗಿಂದ ಹತ್ತಿ ಇಳೀತಿದಾರಲ್ಲ ಅಬ್ಬಾ?"

"ಅವ್ರು ಕೂಲಿಯವ್ರು. ನೀನು ಮನೆ ಮಗಳು."

ಸೈಫ್ ಸುರಿದ. ಅರ್ಧ ಅವನ ಚಪ್ಪಲಿಯ ಮೇಲೆಯೇ ಬಿತ್ತು. ಎಲ್ಲರೂ ಭೇಷ್ ಅಂದರು. ನಾನು ಬಿರಿಯಾನಿ ಬಡಿಸಿದೆ.

ಫೆಬ್ರವರಿ 17. ಶನಿವಾರ

ಸೈಫ್‌ಗೆ ಮರ್ಫಿ ಟೌನ್‌ನಲ್ಲಿ ಇನ್ನೊಂದು ಕೆಲಸ ಸಿಕ್ಕಿದೆ. ಶೀಟು, ಸರ್ವೆ ಕಂಬ ಸಾಲದು. ಕಮ್ಮನಹಳ್ಳಿಯ ತಾರಸಿಗೆ ಕೊಟ್ಟಿರುವುದನ್ನೇ ನಾಳೆ ಬಿಚ್ಚಿ ಅಲ್ಲಿಗೆ ಸಾಗಿಸುತ್ತಾನಂತೆ. ಊಟಕ್ಕೆ ಕೂತಾಗ ತಡೆಯಲಾಗಲಿಲ್ಲ.

"ಅಬ್ಬಾ, ಆ ಹಾಲ್ ತುಂಬಾ ಅಗಲ. ಎರಡು ವಾರ ಆದ್ರೂ ಕಂಬ ಇರ್ಲೇಬೇಕು. ಕಾಂಕ್ರೀಟ್‌ಗೆ ಇನ್ನೂ ಬಲ ಬಂದಿರಲ್ಲ. ನಾವು ಲ್ಯಾಬಲ್ಲಿ ಒಡೆದು ನೋಡಿದೀವಿ."

"ನೀವು ಒಡೆಯೋರು, ನಾವು ಕಟ್ಟೋರು," ಅಂದ ಸೈಫ್.

ಅಬ್ಬಾ ನಕ್ಕರು. ಆ ನಗುವನ್ನು ಸಾಯುವ ತನಕ ಮರೆಯುವುದಿಲ್ಲ. ಅಮ್ಮಿ ನನ್ನ ತಟ್ಟೆಗೆ ಇನ್ನೊಂದಿಷ್ಟು ಸಾರು ಸುರಿದರು, ಬಾಯಿ ಮುಚ್ಚಲಿ ಎಂದು.

ಫೆಬ್ರವರಿ 18

ಬಿಚ್ಚಿದರು.

ಫೆಬ್ರವರಿ 25. ಭಾನುವಾರ

ಸಂಜೀವಪ್ಪ ಮನೆಗೇ ಬಂದರು. ತಾರಸಿ ನಡುವೆ ಜೋತುಬಿದ್ದಿದೆ. ಅಡಿಯಲ್ಲಿ ಬಿರುಕು. ಸಾಲದ್ದಕ್ಕೆ ಗಾರೆಯವರು ಮೇಲೆ ಇಟ್ಟಿಗೆ ಬೇರೆ ಪೇರಿಸಿದ್ದರಂತೆ. ನಾನು ಟೀ ತಂದೆ.

"ಟಿವೀಲಿ ಗುಜರಾತ್ ಭೂಕಂಪ ನೋಡಿದ್ರಾ ಪಾಷಾ ಸಾಹೇಬ್ರೇ? ನನ್ ಹೆಂಡ್ತಿ ಆ ಮನೇಗೆ ಕಾಲಿಡಲ್ಲ ಅಂತಾಳೆ. ಕಂಬ ಬಿಚ್ಚೋಕೆ ಯಾರ್ರೀ ಹೇಳಿದ್ದು?"

ಅಬ್ಬಾ ಸೈಫ್‌ನತ್ತ ನೋಡಿದರು. ಆಮೇಲೆ ನನ್ನತ್ತ.

"ನಮ್ ಇಂಜಿನಿಯರ್ ಹೇಳಿದ್ಮೇಲೇ ಬಿಚ್ಚಿದ್ದು ಸಾರ್. ಇವ್ಳೇ, ನನ್ ಮಗಳು."

ಇಂಜಿನಿಯರ್! ಆ ಬಾಯಲ್ಲಿ ಒಮ್ಮೆ ಕೇಳಬೇಕೆಂದು ಎಷ್ಟು ಕಾದಿದ್ದೆ. ತಪ್ಪು ಹೊರಿಸಲು ಒಂದು ತಲೆ ಬೇಕಾದಾಗ ಬಂತು. ಸುಳ್ಳು ಎಂದು ಕಿರುಚಬೇಕಿತ್ತು. ಹೊರಗಿನವರ ಮುಂದೆ ಅಬ್ಬಾನನ್ನು ಸುಳ್ಳುಗಾರ ಅನ್ನಲಾಗದೆ ಟೀ ಲೋಟ ಮುಂದಿಟ್ಟೆ. ಥೂ, ನನ್ನ ಜನ್ಮಕ್ಕೆ.

"ಹಂಗಾದ್ರೆ ನಾಳೆ ಇವ್ರೇ ಬಂದು ನೋಡ್ಲಿ," ಅಂದರು ಸಂಜೀವಪ್ಪ. "ಇರ್ಬೇಕೋ ಒಡೀಬೇಕೋ, ಇವ್ರೇ ಹೇಳ್ಲಿ. ನಿಮ್ ಮಗನ ಮಾತು ನಂಗೆ ಬೇಡ."

ಅವರು ಹೋದ ಮೇಲೆ ಅಬ್ಬಾ ನನ್ನ ಪಕ್ಕ ಬಂದು ಕೂತರು. ಹಾಗೆ ಕೂತು ಎಷ್ಟು ವರ್ಷವಾಯಿತೋ.

"ಬೇಟಿ, ಬಿರುಕಿಗೆ ಪ್ಲಾಸ್ಟರ್ ಹೊಡೆದ್ರೆ ಸಾಕು ಅಂದ್ಬಿಡು. ಇಂಜಿನಿಯರ್ ಮಾತು, ನಂಬ್ತಾರೆ. ಒಡೆದು ಕಟ್ಟಿಕೊಡು ಅಂದ್ರೆ ಆ ಖರ್ಚಿಗೆ ಗೋಡೌನ್ ಹೋಯ್ತು ಅಂತ್ಲೇ ತಿಳ್ಕೊ."

ಫೆಬ್ರವರಿ 26. ಸೋಮವಾರ

ಕಾಲೇಜಿಗೆ ಚಕ್ಕರ್. ಅಬ್ಬಾನ ಸ್ಕೂಟರ್‌ನಲ್ಲಿ ಹೋದೆ. ಸೈಫ್ ಬರಲಿಲ್ಲ, ಮರ್ಫಿ ಟೌನ್‌ನಲ್ಲಿ ಕೆಲಸವಂತೆ.

ಹಾಲ್‌ನಲ್ಲಿ ಮತ್ತೆ ಕಂಬ ಕೊಟ್ಟಿದ್ದರು. ಗೋಡೆಯಿಂದ ಗೋಡೆಗೆ ದಾರ ಎಳೆಸಿದೆ. ತಾರಸಿಯ ನಡುಭಾಗ ದಾರವನ್ನೇ ಕೆಳಗೆ ತಳ್ಳುತ್ತಿತ್ತು. ಬಿರುಕಿನೊಳಗೆ ನನ್ನ ಉಗುರು ಹೋಯಿತು. ಇದರಡಿ ಸಂಜೀವಪ್ಪನವರ ಹೆಂಡತಿ ಮಂಚ ಹಾಕಿಕೊಂಡು ಮಲಗಬೇಕು.

"ಹೇಳಮ್ಮ," ಅಂದರು ಸಂಜೀವಪ್ಪ. ಅಬ್ಬಾ ನನ್ನ ಮುಖವನ್ನೇ ನೋಡುತ್ತಿದ್ದರು.

ಯಾರಾದರೂ ನನ್ನನ್ನು ಹೀಗೆ ಕೇಳಲಿ ಎಂದೇ ಸಿವಿಲ್ ಸೇರಿದ್ದೆ.

"ಇದು ನಿಲ್ಲಲ್ಲ ಸಾರ್. ಒಡೀಬೇಕು. ಕಂಬ ಬಿಚ್ಚಬೇಡಿ ಅಂತ ಅವತ್ತೇ ಹೇಳಿದ್ದೆ, ಮನೇಲಿ ಯಾರೂ ಕೇಳ್ಲಿಲ್ಲ."

ಸಂಜೀವಪ್ಪ ಅಬ್ಬಾನತ್ತ ತಿರುಗಿದರು. ಅಬ್ಬಾ ಇಲ್ಲ ಅನ್ನಲಿಲ್ಲ. ಬೈಯುತ್ತಾರೆ ಎಂದುಕೊಂಡೆ. ಹೊರಗೆ ಹೋದರು. ಏಣಿಯನ್ನು ಗೋಡೆಗೆ ಒರಗಿಸಿದರು. ದೊಡ್ಡ ಸುತ್ತಿಗೆ ತಂದು ನನ್ನ ಕೈಗಿಟ್ಟರು.

"ಹತ್ತು."

"ಅಬ್ಬಾ..."

"ಒಡೆಯೋದೂ ನಮ್ ಮನೆಯವ್ರ ಕೈಯಿಂದ್ಲೇ ಶುರುವಾಗ್ಬೇಕು. ಹತ್ತು."

ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡೇ ನಿಂತರು. ನನ್ನ ಮುಖ ಮಾತ್ರ ನೋಡಲಿಲ್ಲ.

ಹತ್ತಿದೆ. ಕಾಂಕ್ರೀಟ್‌ನಲ್ಲಿ ಒಂದು ಕಡೆ ಸೈಫ್‌ನ ಚಪ್ಪಲಿ ಗುರುತು ಹಾಗೇ ಕೂತಿತ್ತು. ಮೊದಲ ಬಾಂಡ್ಲಿ ಅವನದು. ಮೊದಲ ಏಟು —