ಕೀಲಿಯನ್ನು ಮಾವನ ಕೈಗೆ ಕೊಡು

ಆರ್ವಿಡ್,

ಮೊನ್ನೆ ರಾತ್ರಿ ಶೆಡ್ಡಿನಿಂದ ‘ಟಕ್’ ಎಂದು ಸಣ್ಣ ಸದ್ದು ಕೇಳಿತ್ತು. ಬೆಕ್ಕಿರಬೇಕೆಂದು ಹೊದ್ದು ಮಲಗಿದೆ. ಸೀಳಿದ್ದು ಟ್ರಾಕ್ಟರಿನ ಎಂಜಿನ್ ಬ್ಲಾಕ್.

ಚಳಿಗೆ ಹೆಪ್ಪುಗಟ್ಟದಿರಲೆಂದು ಮಾವ ದಿನಾ ಸಂಜೆ ಅದರ ನೀರು ಬಸಿಯುತ್ತಾರಲ್ಲ, ಅಂದು ಅವರಿಗೆ ಮಂಡಿನೋವೆಂದು ಬಸಿದವಳು ನಾನು. ನಲ್ಲಿಯಲ್ಲಿ ಹನಿ ನಿಂತಿತು, ಖಾಲಿಯಾಯಿತೆಂದುಕೊಂಡೆ. ನಲ್ಲಿಯೊಳಗೆ ತುಕ್ಕು ಕಟ್ಟಿಕೊಂಡಿತ್ತು, ತಂತಿಯಿಂದ ಚುಚ್ಚಿ ನೋಡಲಿಲ್ಲ. ಉಳಿದ ನೀರು ಒಳಗೇ ಹೆಪ್ಪುಗಟ್ಟಿ, ಉಬ್ಬಿ ಬ್ಲಾಕನ್ನು ಸೀಳಿತು.

ನಿನ್ನೆ ನೀನು, “ನಿಂಗೆ ಮರೆವು ಜಾಸ್ತಿಯಾಯ್ತಪ್ಪ, ಇನ್ನು ಟ್ರಾಕ್ಟರ್ ಮುಟ್ಬೇಡ” ಎಂದು ಮಾವನ ಕೈಯಿಂದ ಕೀಲಿ ಕಿತ್ತುಕೊಂಡೆ.

“ಹೂಂ, ಮರ್ತೆ ಕಣೋ” ಎಂದರು ಮಾವ.

ನಾನು ಒಂದೇ ತಟ್ಟೆಯನ್ನು ಒರೆಸುತ್ತಲೇ ಇದ್ದೆ. ನೀನು ಹೋದ ಮೇಲೆ ಅವರು, “ಆ ತಟ್ಟೆ ಆಗ್ಲೇ ಒಣಗ್ತು, ಬಿಡವ್ವ” ಎಂದರು.

ಬ್ಲಾಕಿನ ಬಿರುಕು ಬೆಸೆಯುವವರನ್ನು ಕರೆತರಲು ಮೈನಾಟ್ ಪೇಟೆಗೆ ಹೊರಟೆ. ಸೂಪು ಒಲೆಯ ಮೇಲಿದೆ. ಮೊದಲು ಕೀಲಿ ಕೊಡು. ತಪ್ಪು ನನ್ನದೆಂಬುದನ್ನು ಯಾರಿಗೂ ಹೇಳಬಾರದೆಂದು ಅವರು ತೀರ್ಮಾನಿಸಿಬಿಟ್ಟಿದ್ದಾರೆ; ಆ ಗುಟ್ಟನ್ನು ಹೊರಲು ನನ್ನಿಂದ ಆಗುತ್ತಿಲ್ಲ.

— ಸಿಗ್ನಿ